ಸಮಿತಿಗಾಗಿ ಖಾಲಿ ಮಾಡಿದ ಸರ್ವರ್

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಬ್ಲಾಕಿನಲ್ಲಿ ಒಂದೇ ಸಾಲಿನಲ್ಲಿ ಮೂರು ಸಂಶೋಧನಾ ಕೇಂದ್ರಗಳ ಫಲಕಗಳಿವೆ. ಮೂರಕ್ಕೂ ಸೇರಿ ಇರುವುದು ಒಂದು ಡಿಜಿಎಕ್ಸ್ ಎ100, ಅಂದರೆ ಎಂಟು ಜಿಪಿಯುಗಳಿರುವ (ಏಕಕಾಲಕ್ಕೆ ಅಪಾರ ಲೆಕ್ಕ ಮಾಡುವ ಚಿಪ್‌ಗಳಿರುವ) ಎನ್‌ವಿಡಿಯಾ ಕಂಪನಿಯ ಸರ್ವರ್. ಕೃತಕ ಬುದ್ಧಿಮತ್ತೆ ಕೇಂದ್ರದ ಅನುದಾನದಲ್ಲಿ ಕೊಂಡದ್ದರಿಂದ ದಾಸ್ತಾನು ಪುಸ್ತಕದ ಪ್ರಕಾರ ಅದು ಆ ಕೇಂದ್ರದ ಸ್ವತ್ತು. ಪೂರ್ತಿ ಹೊರೆಯಲ್ಲಿ ಅದು ಎಳೆಯುವ 6.5 ಕಿಲೋವ್ಯಾಟ್ ವಿದ್ಯುತ್ತಿನ ಶಾಖವನ್ನು ಹೊರಹಾಕಲು ಹತ್ತಿರ ಹತ್ತಿರ ಎರಡು ಟನ್ ಎಸಿ ಬೇಕಾಗುವುದರಿಂದ, ಅಷ್ಟು ಸಾಮರ್ಥ್ಯದ ಎಸಿ ಇದ್ದ ರೋಬೊಟಿಕ್ಸ್ ಕೇಂದ್ರದ ಕೊಠಡಿಯಲ್ಲಿ ಅದನ್ನು ಕೂರಿಸಲಾಗಿದೆ. ಮೂರನೆಯ ಕೇಂದ್ರದವರು ವರದಿಗಳಲ್ಲಿ ಅದರ ಛಾಯಾಚಿತ್ರವನ್ನು ಬಳಸುತ್ತಾರೆ. ಅದನ್ನು ನೋಡಿಕೊಳ್ಳುವವನು ನಾನು.

ಕೇಂದ್ರಗಳ ಮಾನ್ಯತೆಯ ನವೀಕರಣಕ್ಕೆ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ (ಎಲ್‌ಐಸಿ) ಬರುತ್ತದೆಂದು ಗೊತ್ತಾದಾಗ, ಡೆಮೊ ಸಮಯಕ್ಕೆ ಎಂಟೂ ಜಿಪಿಯು ಬಿಡುವಾಗಿರಬೇಕೆಂದು ಎಚ್‌ಒಡಿ ಸೂಚಿಸಿದರು. ಬಳಕೆದಾರರ ಜಾಬ್‌ಗಳ (ಯಂತ್ರಕ್ಕೆ ಕೊಟ್ಟ ಕೆಲಸಗಳ) ಸರದಿಯನ್ನು ನೋಡಿಕೊಳ್ಳುವುದು ಸ್ಲರ್ಮ್ ಎಂಬ ತಂತ್ರಾಂಶ. ಹಿಂದಿನ ಸಂಜೆ ಅದರಲ್ಲಿ ನೋಡ್ ಅನ್ನು, ಅಂದರೆ ಆ ಸರ್ವರನ್ನು, ಡ್ರೇನ್ ಸ್ಥಿತಿಗೆ ಹಾಕಿ ಮನೆಗೆ ಹೋದೆ. ಡ್ರೇನ್ ಹೊಸ ಜಾಬ್‌ಗಳನ್ನು ತಡೆಯುತ್ತದೆಯೇ ಹೊರತು ಓಡುತ್ತಿರುವ ಜಾಬನ್ನು ಮುಟ್ಟುವುದಿಲ್ಲ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆದರೆ ನಮ್ಮ ಪಾರ್ಟಿಷನ್‌ಗೆ (ಜಾಬ್‌ಗಳ ಸರದಿ ಸಾಲಿಗೆ) ಮ್ಯಾಕ್ಸ್‌ಟೈಮ್, ಅಂದರೆ ಜಾಬ್ ಓಡಬಹುದಾದ ಗರಿಷ್ಠ ಕಾಲಮಿತಿ, ಇರಲಿಲ್ಲ, ಬೆಳಗಾಗುವಷ್ಟರಲ್ಲಿ ಎಲ್ಲ ತಾನಾಗಿಯೇ ಮುಗಿದಿರುತ್ತದೆಂದು ನಾನು ಲೆಕ್ಕ ಹಾಕಿದ್ದಕ್ಕೆ ಯಾವ ಆಧಾರವೂ ಇರಲಿಲ್ಲ.

ಬೆಳಿಗ್ಗೆ ನೋಡಿದರೆ ಕನ್ನಡ ಧ್ವನಿ ಗುರುತಿಸುವ ಮಾದರಿಯೊಂದರ ತರಬೇತಿ ಎಂಟೂ ಜಿಪಿಯುಗಳಲ್ಲಿ ನಡೆಯುತ್ತಿತ್ತು. ಅದು ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಜಾಬ್. ಸಮಿತಿ ಪ್ರಾಂಶುಪಾಲರ ಕೊಠಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಆಕೆಯನ್ನು ಕರೆಸಿ ಕೇಳಿದೆ. “ಸರ್, ಕೊನೆಯ ಚೆಕ್‌ಪಾಯಿಂಟ್ ನಿನ್ನೆ ಮಧ್ಯಾಹ್ನದ್ದು. ಇನ್ನೊಂದು ಎಪಾಕ್ ಮುಗಿಯಲು ಬಿಡಿ,” ಎಂದರು. ಚೆಕ್‌ಪಾಯಿಂಟ್ ಎಂದರೆ ತರಬೇತಿಯ ನಡುವೆ ಉಳಿಸಿಟ್ಟ ಪ್ರತಿ, ಎಪಾಕ್ ಎಂದರೆ ತರಬೇತಿಯ ದತ್ತಾಂಶದ ಮೇಲೆ ಒಂದು ಪೂರ್ತಿ ಸುತ್ತು. ಎಚ್‌ಒಡಿಯವರಿಗೆ ಫೋನ್ ಮಾಡಿದರೆ, “ತೆಗೆದುಬಿಡ್ರೀ, ಅವರು ಲಿಫ್ಟ್ ಹತ್ತಿರ ಬಂದಾಯಿತು,” ಎಂಬ ಉತ್ತರ ಬಂತು. ಜಾಬನ್ನು ರದ್ದು ಮಾಡುವ ಸ್ಕ್ಯಾನ್ಸಲ್ ಆದೇಶ ಕೊಟ್ಟೆ. ಸ್ಲರ್ಮ್ ಮೊದಲು ಮುಗಿಸಿಕೋ ಎನ್ನುವ ಸಿಗ್‌ಟರ್ಮ್ ಸಿಗ್ನಲ್ ಕಳಿಸಿ, ಕಿಲ್‌ವೇಟ್ ಎಂಬ ಕಾಯುವ ಅವಧಿಯನ್ನು ಬದಲಿಸಿರದಿದ್ದರೆ 30 ಸೆಕೆಂಡು ಕಾದು, ಆಮೇಲೆ ಬಲವಂತವಾಗಿ ನಿಲ್ಲಿಸುವ ಸಿಗ್‌ಕಿಲ್ ಕಳಿಸುತ್ತದೆ. ಸಿಗ್ನಲ್ ಹಿಡಿದು ಅಷ್ಟರೊಳಗೆ ಎಲ್ಲವನ್ನೂ ಉಳಿಸಿಕೊಳ್ಳುವ ಏರ್ಪಾಡು ಆಕೆಯ ಸ್ಕ್ರಿಪ್ಟಿನಲ್ಲಿ ಇಲ್ಲದ ಕಾರಣ, ಆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಆಕೆ ಏನನ್ನೂ ಹೇಳದೆ ಹೊರಟುಹೋದರು.

ಸಮಿತಿಯ ಹಿರಿಯ ಸದಸ್ಯರು ಡೆಮೊ ನೋಡಲು ಕುರ್ಚಿಯನ್ನೂ ಎಳೆದುಕೊಳ್ಳಲಿಲ್ಲ. ಜಿಪಿಯುಗಳ ಬಳಕೆ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ತೆರೆಯಿರಿ ಎಂದರು. ಎಂಟು ಸಾಲುಗಳಲ್ಲೂ ಬಳಕೆ ಸೊನ್ನೆ. “ಇಷ್ಟು ದುಬಾರಿ ಯಂತ್ರ, ಇದನ್ನು ಯಾರಾದರೂ ಬಳಸುತ್ತಾರೆಯೇ?” ಎಂದು ಕೇಳಿದರು. ಹತ್ತು ನಿಮಿಷದ ಹಿಂದೆ ಬಂದಿದ್ದರೆ ಆ ಪ್ರಶ್ನೆಗೆ ಪರದೆಯೇ ಉತ್ತರ ಕೊಡುತ್ತಿತ್ತು. ಹಳೆಯ ಜಾಬ್‌ಗಳ ದಾಖಲೆ ತೋರಿಸೋಣವೆಂದು ಎಸ್‌ಅಕೌಂಟ್ ಆದೇಶ ಕೊಟ್ಟರೆ, ಅಕೌಂಟಿಂಗ್ ಸ್ಟೋರೇಜ್ ನಿಷ್ಕ್ರಿಯವಾಗಿದೆ ಎಂಬ ಸಂದೇಶ ಬಂತು, ಏಕೆಂದರೆ ಜಾಬ್‌ಗಳ ದಾಖಲೆಯನ್ನು ಡೇಟಾಬೇಸಿನಲ್ಲಿ ಇಡುವ ಸ್ಲರ್ಮ್‌ಡಿಬಿಡಿ ಹಾಕುವ ಕೆಲಸವನ್ನು ನಾನು ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಮುಂದೂಡಿಕೊಂಡೇ ಬಂದಿದ್ದೆ. ಸಾಲದ್ದಕ್ಕೆ ಇನ್ನೊಬ್ಬ ಸದಸ್ಯರು ಮೂರೂ ಕೇಂದ್ರಗಳ ಉಪಕರಣಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅದೇ ಸೀರಿಯಲ್ ನಂಬರಿನ ಕೆಳಗೆ ಮೂರು ಕಡೆ ಪೆನ್ಸಿಲಿನಿಂದ ಗೆರೆ ಎಳೆದರು.

ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಬೇರೆ ಬೇರೆ ವಿಭಾಗಗಳ ಸಂಶೋಧಕರಿಗೆ ಬಳಕೆಯಾಗುತ್ತದೆ, ಅದನ್ನು ನಡೆಸುವ ಹೊಣೆಯೂ ಒಂದು ಕೇಂದ್ರಕ್ಕೆ ಸ್ಪಷ್ಟವಾಗಿ ಸೇರಿದೆ. ನಮ್ಮಲ್ಲಿ ಪ್ರತಿ ಫಲಕಕ್ಕೂ ಪ್ರತ್ಯೇಕ ಉಪಕರಣವಿದೆಯೆಂದು ಬರೆದುಕೊಡುವ ಚಪಲವೇ ಹೆಚ್ಚು. ಅದನ್ನು ಯಾರು ಎಷ್ಟು ಗಂಟೆ ಬಳಸಿದರೆಂಬ ಲೆಕ್ಕವನ್ನು ಆಡಳಿತದವರು ಒಮ್ಮೆಯೂ ಕೇಳಿದ್ದಿಲ್ಲ.

ಈಗ ಪಾರ್ಟಿಷನ್‌ಗೆ ಕಾಲಮಿತಿ ಇದೆ, ಡೆಮೊಗೆ ಒಂದೇ ಒಂದು ಜಿಪಿಯುವನ್ನು ಮೊದಲೇ ಕಾಯ್ದಿರಿಸುತ್ತೇನೆ, ಉಳಿದ ಏಳರಲ್ಲಿ ಯಾರ ಜಾಬ್ ಇದ್ದರೂ ಓಡಲಿ. ಸ್ಲರ್ಮ್‌ಡಿಬಿಡಿಗೆಂದು ಒಂದು ಚಿಕ್ಕ ಸರ್ವರ್ ಕೇಳಿ ಕಳಿಸಿದ ಇಂಡೆಂಟ್ ಮಂಜೂರಾಗಲಿಲ್ಲವಾದ್ದರಿಂದ, ಪ್ರಯೋಗಾಲಯದಿಂದ ತೆಗೆದುಹಾಕಿದ್ದ ಡೆಸ್ಕ್‌ಟಾಪಿನಲ್ಲಿ ಮರಿಯಾಡಿಬಿ ಡೇಟಾಬೇಸ್ ಹಾಕಿ ನಡೆಸುತ್ತಿದ್ದೇನೆ. ಮೂರೂ ಕೇಂದ್ರಗಳ ಬಾಗಿಲಿಗೆ ಎಲ್‌ಇಡಿ ಫಲಕ ಹಾಕಿಸುವ ಕಡತಕ್ಕೆ ಮಾತ್ರ ಅದೇ ತಿಂಗಳು ಸಹಿ ಬಿತ್ತು.