ಎಂಟೂಮುಕ್ಕಾಲಿಗೆ ಹೇಳಬೇಕಿದ್ದ ಮಾತು

“ಅದನ್ನು ಬೆಳಗ್ಗೆ ಎಂಟೂಮುಕ್ಕಾಲಿಗೆ ಹೇಳಬೇಕಿತ್ತು, ಮರಿ.”

2024ರ ಅಕ್ಟೋಬರಿನ ಒಂದು ಗುರುವಾರ, ಭಾರತ–ನ್ಯೂಜಿಲೆಂಡ್ ಟೆಸ್ಟ್ ನಡೆಯುತ್ತಿದ್ದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಕ್ಕದ ಕುರ್ಚಿಯ ಹಿರಿಯರೊಬ್ಬರು ನನ್ನ ಅಕ್ಕನ ಮಗನಿಗೆ ಹೇಳಿದ ಮಾತಿದು. ಊಟದ ವಿರಾಮಕ್ಕೆ ಭಾರತ ಆರು ವಿಕೆಟ್ ಕಳೆದುಕೊಂಡು 34 ರನ್ ಮಾಡಿತ್ತು. ನಮ್ಮ ಕೆ.ಎಲ್. ರಾಹುಲ್ ಸೊನ್ನೆಗೆ ಹೋದಾಗ ಇಡೀ ಸ್ಟ್ಯಾಂಡ್ ತಲೆ ತಗ್ಗಿಸಿತ್ತು. ಹುಡುಗನಿಗೆ ತಡೆಯಲಾಗಲಿಲ್ಲ. “ಈ ಮೋಡದಲ್ಲಿ ಯಾರಾದರೂ ಬ್ಯಾಟಿಂಗ್ ತೆಗೆದುಕೊಳ್ಳುತ್ತಾರೆಯೇ? ನಾನಾಗಿದ್ದರೆ ಬೌಲಿಂಗ್ ಮಾಡುತ್ತಿದ್ದೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಎಂಟೂಮುಕ್ಕಾಲು ಎಂದರೆ ಟಾಸ್ ಹಾಕಿದ ಸಮಯ; ಗೆದ್ದ ನಮ್ಮ ನಾಯಕ ರೋಹಿತ್ ಶರ್ಮಾ ಬ್ಯಾಟಿಂಗ್ ಆರಿಸಿದ್ದರು. ಹಿರಿಯರು ಗದರಲಿಲ್ಲ, ನಗಲಿಲ್ಲ. ಅಷ್ಟು ಹೇಳಿ ತಮ್ಮ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನತೊಡಗಿದರು. ನಮಗೂ ಒಂದು ಹಿಡಿ ಕೊಟ್ಟರು. ಸಜ್ಜನರು.

ಆದರೆ ಹುಡುಗನ ಮುಖ ಸಪ್ಪಗಾಯಿತು. ಭಾರತ 46ಕ್ಕೆ ಆಲೌಟಾಯಿತು. ತವರಿನ ಟೆಸ್ಟ್‌ಗಳಲ್ಲಿ ಇದೇ ನಮ್ಮ ಅತಿ ಕಡಿಮೆ ಮೊತ್ತ; 1987ರಲ್ಲಿ ದೆಹಲಿಯಲ್ಲಿ ವೆಸ್ಟ್ ಇಂಡೀಸ್ ಎದುರು ಗಳಿಸಿದ್ದ 75 ಈಗ ಎಷ್ಟೋ ವಾಸಿ ಎನಿಸುತ್ತದೆ. ನ್ಯೂಜಿಲೆಂಡ್ ವೇಗಿ ಮ್ಯಾಟ್ ಹೆನ್ರಿ 15 ರನ್ನಿಗೆ ಐದು ವಿಕೆಟ್ ಕಿತ್ತ. ಅಷ್ಟೆಲ್ಲ ನಡೆಯುವಾಗಲೂ ಹುಡುಗ ಪಕ್ಕದ ಕುರ್ಚಿಯ ಕಡೆಗೇ ಓರೆಗಣ್ಣಿನಲ್ಲಿ ನೋಡುತ್ತಿದ್ದ.

ದಸರಾ ರಜೆಗೆ ಬಂದವನು ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಕುಳಿತ. ಅಕ್ಕ ಫೋನಿನಲ್ಲೇ ಗೊಣಗಿದಳು. ಅವಳ ಪಾಲಿಗೆ ಪರದೆಯ ಮೇಲಿರುವುದೆಲ್ಲ ಹಾಳು ಆಟ. ಈ ವಿಷಯದಲ್ಲಿ ಅಕ್ಕನ ಮಾತನ್ನು ನಾನು ಒಪ್ಪುವುದಿಲ್ಲ. ಅವನು ತೆರೆದಿದ್ದದ್ದು ‘ಕ್ರಿಕೆಟ್ ಕ್ಯಾಪ್ಟನ್’. ಅದರಲ್ಲಿ ಆಡುವವರು ಬ್ಯಾಟು ಬೀಸುವುದಿಲ್ಲ, ಚೆಂಡು ಎಸೆಯುವುದಿಲ್ಲ. ಹನ್ನೊಂದು ಜನರನ್ನು ಆರಿಸಬೇಕು, ಟಾಸ್ ಗೆದ್ದರೆ ನಿರ್ಧರಿಸಬೇಕು, ಯಾರಿಗೆ ಚೆಂಡು ಕೊಡುವುದು, ಕ್ಷೇತ್ರರಕ್ಷಕರನ್ನು ಎಲ್ಲಿ ನಿಲ್ಲಿಸುವುದು, ಬ್ಯಾಟುಗಾರ ಎಷ್ಟು ಧೈರ್ಯ ಮಾಡಬೇಕು ಎಂದು ಹೇಳಬೇಕು. ಉಳಿದದ್ದೆಲ್ಲ ಕಣ್ಣೆದುರು ತಾನಾಗಿ ನಡೆಯುತ್ತದೆ.

ಅವನು ಭಾರತ–ನ್ಯೂಜಿಲೆಂಡ್ ಪಂದ್ಯವನ್ನೇ ಜೋಡಿಸಿದ. ರೋಹಿತ್ ಶರ್ಮಾ ಇಳಿಸಿದ್ದ ತಂಡವೇ ಬೇಕೆಂದು ಹಟ. ಟಾಸ್ ಅವನ ಪಾಲಿಗೆ ಬಂತು. ಬೌಲಿಂಗ್ ಎಂದು ಒತ್ತಬೇಕಾದ ಬೆರಳು ಅಲ್ಲೇ ನಿಂತಿತು.

“ಮಾಮ, ವೇಗಿಗಳು ಇಬ್ಬರೇ ಇದ್ದಾರೆ. ಬುಮ್ರಾ, ಸಿರಾಜ್ ಸುಸ್ತಾದ ಮೇಲೆ ಯಾರು?”

ಮೂವರು ಸ್ಪಿನ್ನರ್‌ಗಳನ್ನು ಇಟ್ಟುಕೊಂಡವರಿಗೆ ಮೊದಲು ಬೌಲಿಂಗ್ ಅಷ್ಟು ಸುಲಭದ ಆಯ್ಕೆಯಲ್ಲ ಎಂಬುದು ಸ್ಟ್ಯಾಂಡಿನಲ್ಲಿ ಕುಳಿತ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಹೊಳೆದಿತ್ತು? ಪಿಚ್ ಮೇಲೆ ಹೆಚ್ಚು ಹುಲ್ಲಿರಲಿಲ್ಲ, ಮುಂದೆ ಚೆಂಡು ತಿರುಗುತ್ತದೆ ಎಂದುಕೊಂಡಿದ್ದೆವು, ಪಿಚ್ ಅಂದಾಜಿಸುವುದರಲ್ಲಿ ತಪ್ಪಿದೆ ಎಂದು ಅದೇ ಸಂಜೆ ರೋಹಿತ್ ಪತ್ರಕರ್ತರ ಮುಂದೆ ನೇರವಾಗಿ ಒಪ್ಪಿಕೊಂಡರು. ಆ ಒಪ್ಪಿಗೆಯ ಮೇಲೆ ನನಗೆ ಬಹಳ ಗೌರವವಿದೆ. ವೇಗಿ ಆಕಾಶ್ ದೀಪ್ ಬದಲು ಸ್ಪಿನ್ನರ್ ಕುಲದೀಪ್ ಎಂದು ನಿರ್ಧರಿಸಿದ ಕ್ಷಣದಲ್ಲೇ ಟಾಸ್‌ನ ಉತ್ತರ ಅರ್ಧ ಬರೆದಾಗಿತ್ತು. ಇದು ಹುಡುಗನಿಗೆ ವೀಕ್ಷಕ ವಿವರಣೆಗಾರರ ಮಾತಿನಿಂದ ತಿಳಿದದ್ದಲ್ಲ. ಬೆರಳು ನಿಂತಾಗ ತಿಳಿಯಿತು.

ಕೊನೆಗೆ ಬೌಲಿಂಗನ್ನೇ ಒತ್ತಿದ. ಅವನ ನ್ಯೂಜಿಲೆಂಡ್ ಮುನ್ನೂರು ದಾಟಿತು. ಅವನು ಸೋತ.

“ಸೇವ್ ಮಾಡಿದ್ದೀಯಲ್ಲ, ಟಾಸ್ ತನಕ ಹಿಂದಕ್ಕೆ ಹೋಗಿ ಬ್ಯಾಟಿಂಗ್ ತೆಗೆದುಕೋ” ಎಂದೆ.

“ಬೇಡ ಮಾಮ. ಆಗ ನಾನು ಮತ್ತೆ ಊಟದ ಹೊತ್ತಿಗೆ ಮಾತನಾಡಿದ ಹಾಗೇ ಆಗುತ್ತದೆ.”

ಈ ಉತ್ತರ ನನ್ನನ್ನು ಇನ್ನೂ ಬಿಟ್ಟಿಲ್ಲ. ಕಚೇರಿಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಜನ ಈ ಟೆಸ್ಟ್ ಬಗ್ಗೆ ಬಾಯಿಗೆ ಬಂದಂತೆ ಮಾತನಾಡುವಾಗ ಇದೇ ನೆನಪಾಗುತ್ತದೆ. ನೋಡುವವರಿಗೆ ಆಟ ಯಾವಾಗಲೂ ಮುಗಿದ ಮೇಲಿನ ಸಂಗತಿ. ವಿಕೆಟ್ ಬಿದ್ದ ಮೇಲೆ ನಾವು ನಾಯಕರು, ಕ್ಯಾಚ್ ಬಿಟ್ಟ ಮೇಲೆ ನಾವು ತರಬೇತುದಾರರು. ಆದರೆ ಎಲ್ಲರಲ್ಲೂ ಆ ಚಪಲ ಬರೀ ಬೈಗುಳವಾಗಿ ಮುಗಿಯುವುದಿಲ್ಲ. ಕೆಲವರು ಅದನ್ನು ಹಿಡಿದು ಮನೆಗೆ ಬರುತ್ತಾರೆ. ಏನೂ ಗೊತ್ತಿಲ್ಲದ ಹೊತ್ತಿನಲ್ಲಿ ತಾವೂ ಒಮ್ಮೆ ನಿಂತು ನೋಡಬೇಕೆನಿಸುತ್ತದೆ. ಇಂಗ್ಲೆಂಡಿನ ಕೆವಿನ್ ಟಾಮ್ಸ್ 1982ರಲ್ಲಿ ಪುಟ್ಟ ಗಣಕಯಂತ್ರಕ್ಕೆ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ತಂಡ ನಡೆಸುವ ಆಟ ಬರೆದದ್ದರ ಹಿಂದೆ ಈ ಹಂಬಲವಿತ್ತು. ಹತ್ತು ವರ್ಷಗಳ ನಂತರ ಕಾಲಿಯರ್ ಸಹೋದರರು ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ತಂದರು. ಹುಡುಗ ಆಡಿದ ‘ಕ್ರಿಕೆಟ್ ಕ್ಯಾಪ್ಟನ್’ ಸರಣಿ 1998ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ನಮ್ಮ ಶಾಲೆಗಳಲ್ಲಿ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಭಾರತ ತಂಡ ಆಯ್ಕೆಯಾಗುತ್ತಿರಲಿಲ್ಲವೇ? ಕನಿಷ್ಠ ನಾಲ್ವರು ಕರ್ನಾಟಕದವರು ಇರಲೇಬೇಕಿತ್ತು.

ನನಗೆ ಈ ಗೀಳು ಹತ್ತಿದ್ದು ಪಾಕಿಸ್ತಾನದ ಎದುರು ನಡೆದ ಮುಲ್ತಾನ್ ಟೆಸ್ಟ್‌ನಿಂದ. 2004ರ ಮಾರ್ಚ್. ಗಂಗೂಲಿ ಇಲ್ಲದ್ದರಿಂದ ದ್ರಾವಿಡ್ ನಾಯಕ. ಸೆಹ್ವಾಗ್ 309 ಹೊಡೆದಿದ್ದಾರೆ. ಸಚಿನ್ 194ರಲ್ಲಿ ಅಜೇಯ, ದ್ವಿಶತಕಕ್ಕೆ ಆರೇ ರನ್ ಬಾಕಿ. ಯುವರಾಜ್ ಔಟಾದೊಡನೆ 5 ವಿಕೆಟ್‌ಗೆ 675 ಎಂದು ಡಿಕ್ಲೇರ್, ಅಂದರೆ ನಾಯಕನೇ ಇನಿಂಗ್ಸ್ ಮುಗಿಸಿಬಿಟ್ಟರು! ದಾವಣಗೆರೆಯ ನಮ್ಮ ಹಾಸ್ಟೆಲ್ ಎರಡು ಪಾಳಯವಾಯಿತು. ಆ ರಾತ್ರಿ ಒಬ್ಬನ ಕಂಪ್ಯೂಟರಿನಲ್ಲಿದ್ದ ಇದೇ ಆಟದ ಹಳೆಯ ಆವೃತ್ತಿಯ ಮುಂದೆ ಸರದಿ ನಿಂತಿತು. ಎಲ್ಲರಿಗೂ ಒಂದೇ ಗುಂಡಿ ಒತ್ತಿ ನೋಡಬೇಕಿತ್ತು: ಡಿಕ್ಲೇರ್. ಎಷ್ಟು ಸಲೀಸಾಗಿ ಒತ್ತಿದೆವು! ಪರದೆಯ ಮೇಲಿನ 194 ಬೇಸರ ಪಡಲಿಲ್ಲ, ಬೆನ್ನು ತಿರುಗಿಸಿ ಪೆವಿಲಿಯನ್ನಿಗೆ ನಡೆಯಲಿಲ್ಲ. ಸಚಿನ್ ತಮಗೆ ನಿರಾಸೆಯಾಯಿತೆಂದು ಬಹಿರಂಗವಾಗಿಯೇ ಹೇಳಿದ್ದರು. ಮರುದಿನವೂ ದ್ರಾವಿಡ್ ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಅವರ ಎದುರು ಕುಳಿತುಕೊಳ್ಳಬೇಕಿತ್ತು. ಅದನ್ನು ಯಾವ ಆಟವೂ ಕಲಿಸಲಾರದು. ಎರಡನೆಯ ಇನಿಂಗ್ಸ್‌ನಲ್ಲಿ ಕುಂಬ್ಳೆ ಆರು ವಿಕೆಟ್ ಕಿತ್ತು, ಭಾರತ ಇನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತು. ಡಿಕ್ಲೇರ್ ಮಾಡಿದ್ದು ಸರಿ ಎಂದು ನಾನು ಅಂದೂ ವಾದಿಸಿದ್ದೆ, ಇಂದೂ ವಾದಿಸುತ್ತೇನೆ. ಗೆದ್ದರು ಎಂಬ ಕಾರಣಕ್ಕಲ್ಲ. ಸೋತಿದ್ದರೂ, ಆ ಸಂಜೆ ಎದುರಾಳಿಯನ್ನು ದಣಿದ ಕಾಲಿನಲ್ಲಿ ಬ್ಯಾಟಿಂಗಿಗೆ ಎಳೆಯುವುದು ಒಳ್ಳೆಯ ತೀರ್ಮಾನವೇ ಆಗಿರುತ್ತಿತ್ತು. ಫಲವನ್ನು ನೋಡಿ ತೀರ್ಮಾನಕ್ಕೆ ಅಂಕ ಕೊಡುವವರ ಜೊತೆ ನನಗೆ ಮಾತು ಮುಂದುವರಿಯುವುದಿಲ್ಲ.

ಶನಿವಾರ ಹುಡುಗನೊಡನೆ ಮನೆಯಲ್ಲೇ ಟಿವಿ ಮುಂದೆ ಕುಳಿತೆ. ಸರ್ಫರಾಜ್ ಮತ್ತು ಪಂತ್ ನಾಲ್ಕನೆಯ ವಿಕೆಟ್‌ಗೆ 177 ರನ್ ಸೇರಿಸಿದರು. ನಾನು ಸರ್ಫರಾಜ್‌ನ ಒಂದೊಂದು ಹೊಡೆತಕ್ಕೂ ಚಪ್ಪಾಳೆ ತಟ್ಟುತ್ತಿದ್ದೆ. ಹುಡುಗ ಮಾತ್ರ ಎಂಬತ್ತು ಓವರ್ ಆದ ಮೇಲೆ ಸಿಗುವ ಹೊಸ ಚೆಂಡಿಗಾಗಿ ಓವರ್ ಎಣಿಸುತ್ತಿದ್ದ. “ಮಾಮ, ಲೇಥಮ್ ಹೊಸ ಚೆಂಡಿಗೆ ಕಾಯುತ್ತಿದ್ದಾರೆ. ಅದು ಕೈಗೆ ಬಂದ ಮೇಲೆ ವೇಗಿ ಓ’ರೂರ್ಕ್‌ಗೆ ಕೊಡುತ್ತಾರೆ ನೋಡಿ” ಎಂದ. ಎದುರಾಳಿ ನಾಯಕನ ಜಾಗದಲ್ಲಿ ಕುಳಿತು ಪಂದ್ಯ ನೋಡುವ ಹುಡುಗನನ್ನು ನಾನು ಅಂದೇ ಮೊದಲು ಕಂಡದ್ದು. ಮೂರು ವಿಕೆಟ್‌ಗೆ 408 ಇದ್ದದ್ದು 462ಕ್ಕೆ ಮುಗಿಯಿತು. 99ಕ್ಕೆ ಔಟಾದ ಪಂತ್‌ಗಾಗಿ ಅವನ ಕಣ್ಣು ತುಂಬಿತ್ತು, ಆದರೆ ಯಾರನ್ನೂ ಬೈಯಲಿಲ್ಲ. ಭಾನುವಾರ ನ್ಯೂಜಿಲೆಂಡ್ 107ರ ಗುರಿ ಮುಟ್ಟಿ, 1988ರ ನಂತರ ಮೊದಲ ಬಾರಿ ಈ ನೆಲದಲ್ಲಿ ಟೆಸ್ಟ್ ಗೆದ್ದಿತು.

ಆಮೇಲೆ ಅವನು ಊರಿಗೆ ಮರಳಿದ. ಮುಂದಿನ ಗುರುವಾರ ಪುಣೆಯಲ್ಲಿ ಎರಡನೆಯ ಟೆಸ್ಟ್ ಇತ್ತು. ತನ್ನ ಹನ್ನೊಂದು ಜನರ ಪಟ್ಟಿಯನ್ನು, ಪ್ರತಿ ಹೆಸರಿಗೂ ಕಾರಣ ಬರೆದು, ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ಆಗ ತಂಡಕ್ಕೆ ಹೊಸದಾಗಿ ಸೇರಿಸಿದ್ದ ವಾಷಿಂಗ್ಟನ್ ಸುಂದರ್‌ಗೂ ಅದರಲ್ಲಿ ಜಾಗವಿತ್ತು. ನನ್ನ ಪಟ್ಟಿ ಬುಧವಾರ ರಾತ್ರಿಯೊಳಗೆ ತಲುಪಬೇಕು, ಆಮೇಲೆ ಬಂದದ್ದನ್ನು ಓದುವುದಿಲ್ಲ ಎಂದಿದ್ದ. ಕುಲದೀಪ್‌ನನ್ನು ಉಳಿಸಿಕೊಳ್ಳಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಹಾಗಾದರೆ ಸುಂದರ್‌ಗೆ ಜಾಗ ಮಾಡುವುದು ಯಾರನ್ನು ಬಿಟ್ಟು ಎಂಬುದೇ ಬಗೆಹರಿದಿರಲಿಲ್ಲ.