ಪಕ್ಷದಲ್ಲಿ ಮಂಗಳೂರು

"ಪಕ್ಷದಲ್ಲಿ ಯಾರಾದ್ರೂ ಊರು ಸುತ್ತೋಕೆ ಹೋಗ್ತಾರೇನೋ?" ಅಂತ ಅಮ್ಮ ಕೇಳಿದರು. ಯಾರೂ ಹೋಗುವುದಿಲ್ಲ ಅನ್ನುವುದೇ ನಮ್ಮ ಲೆಕ್ಕಾಚಾರ. ಪಿತೃಪಕ್ಷದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಕ್ಕಳಿಗೆ ದಸರಾ ರಜೆಯೂ ಶುರುವಾಗಿರುವುದಿಲ್ಲ. ಮಂಗಳೂರಿನ ಲಾಡ್ಜಿನಲ್ಲಿ ರೂಮು ಅರ್ಧ ದರಕ್ಕೆ ಸಿಕ್ಕಿತು. ಹೋದ ಡಿಸೆಂಬರಿನಲ್ಲಿ ಕೇಳಿದಾಗ ಇದೇ ಲಾಡ್ಜಿನವರು "ಫುಲ್ ಸಾರ್" ಅಂದು ಫೋನ್ ಇಟ್ಟಿದ್ದರು. "ಅಮಾವಾಸ್ಯೆಗೆ ಎಡೆ ಇಡಬೇಕು, ಅಷ್ಟರೊಳಗೆ ಬಂದುಬಿಡಿ" ಎಂದು ಅಮ್ಮ ಷರತ್ತು ಹಾಕಿದರು. ಒಪ್ಪಿಕೊಂಡು ನಾನೂ ನನ್ನ ಹೆಂಡತಿಯೂ ಯಶವಂತಪುರದಲ್ಲಿ ಹಗಲು ರೈಲು ಹತ್ತಿದೆವು.

ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿಲೋಮೀಟರ್. ಅದರಲ್ಲಿ 57 ಸುರಂಗ. ಎಣಿಸುತ್ತೇನೆ ಎಂದು ಕೂತವನು ಹದಿಮೂರಕ್ಕೆ ಲೆಕ್ಕ ತಪ್ಪಿದೆ. ಗಾಡಿ ನಿಧಾನಕ್ಕೆ ಇಳಿಯುತ್ತದೆ. ಬಂಡೆಗಳ ಮೇಲಿಂದ ನೀರು ಕಿಟಕಿಯ ಪಕ್ಕದಲ್ಲೇ ಸುರಿಯುತ್ತದೆ. ಬೇಸಿಗೆಯಲ್ಲಿ ಇದೇ ದಾರಿ ನೋಡಿದ್ದೆ, ಇಷ್ಟೊಂದು ನೀರು ಎಲ್ಲಿತ್ತೋ.

ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಬಚ್ಚಲುಮನೆ ಬಾಗಿಲು ತೆಗೆದ ಹಾಗೆ ಬಿಸಿ ಹಬೆ ಮುಖಕ್ಕೆ ಬಡಿಯಿತು. ಬಿಸಿಲು ಚೆನ್ನಾಗಿಯೇ ಇತ್ತು. ಆಟೊದವರು ನಮ್ಮ ಕೈ ನೋಡಿ, "ಕೊಡೆ ಇಲ್ವಾ? ಈ ಬಿಸಿಲನ್ನು ನಂಬ್ಬೇಡಿ ಮಾರಾಯ್ರೇ" ಎಂದರು. ಲಾಡ್ಜ್ ಮುಟ್ಟುವ ಮೊದಲೇ ಸುರಿಯಿತು. ಹತ್ತೇ ನಿಮಿಷ. ಮತ್ತೆ ಬಿಸಿಲು.

ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದಿರುತ್ತದೆ. ನಾವು ಹೋದಾಗ ಊರಿಗೆ ಊರೇ ಒಣಗುತ್ತಿತ್ತು. ಬಾಲ್ಕನಿಗಳಲ್ಲಿ ಬಟ್ಟೆ, ಕಾಂಪೌಂಡಿನ ಮೇಲೆ ಕಾಲೊರೆಸು, ಬಾಗಿಲ ಮುಂದೆ ಬಿಚ್ಚಿಟ್ಟ ಕೊಡೆಗಳು. ಹಂಚಿನ ಮೇಲೆ ಬೆರಳು ದಪ್ಪ ಪಾಚಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ತುಮಕೂರು ಕಡೆಯ ಮನೆಗಳಿಗೂ 'ಮಂಗಳೂರು ಹೆಂಚು' ಬಂತು. ನಮ್ಮ ಮನೆಯ ಹೆಂಚಿಗೆ ಇಷ್ಟು ನೀರು ಕುಡಿಯುವ ಯೋಗ ಇರಲಿಲ್ಲ. ನಮ್ಮ ಟವೆಲ್ಲಂತೂ ಮೂರು ದಿನವೂ ಒಣಗಲಿಲ್ಲ. ರೂಮಿನ ಗೋಡೆಯಲ್ಲಿ ಭಾರತದ ನಕಾಶೆಯ ಹಾಗೆ ಒಂದು ಒದ್ದೆ ಗುರುತಿತ್ತು. ಕೌಂಟರಿನಲ್ಲಿ ಹೇಳಿದರೆ, "ಮಳೆಗಾಲ ಅಲ್ವಾ ಸಾರ್" ಎಂದರು. ಅರ್ಧ ದರದ ಗುಟ್ಟು ಪಕ್ಷವೊಂದೇ ಅಲ್ಲ ಅಂತ ಆಗ ಗೊತ್ತಾಯಿತು.

ಮರುದಿನ ಬೆಳಗ್ಗೆ ದಕ್ಕೆಗೆ ಹೋದೆವು. ಬಂದರಿನಲ್ಲಿ ದೋಣಿಗಳು ಮೀನು ಇಳಿಸುವ ಜಾಗ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಹಾಗಾಗಿ ಆಗಸ್ಟಿನಿಂದ ಹೊಸ ವರ್ಷ ಶುರುವಾದಂತೆ. ಪ್ರವಾಸಿಗರಿಗೆ ಸೀಸನ್ ಅಲ್ಲದಿದ್ದರೇನು, ಇವರಿಗೆ ಭರ್ತಿ ಸೀಸನ್. ನೆಲ ಜಾರುತ್ತದೆ, ಐಸು ಪುಡಿ ಕಾಲಿಗೆ ಸಿಡಿಯುತ್ತದೆ, ಬುಟ್ಟಿ ಹೊತ್ತವರು ನಿಮ್ಮನ್ನು ಕಾಯುವುದಿಲ್ಲ. ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ರಾಶಿ ರಾಶಿ. ಹರಾಜು ತುಳುವಿನಲ್ಲಿ ನಡೆಯುತ್ತಿತ್ತು. ನನಗೆ ಅರ್ಥವಾಗಿದ್ದು ಕೂಗಿನ ವೇಗ ಮಾತ್ರ.

ಒಬ್ಬ ಹೆಂಗಸು ಬಂಗುಡೆಯೊಂದನ್ನು ಎತ್ತಿ, ಕಿವಿರು ಅಗಲಿಸಿ ತೋರಿಸಿದರು. ಒಳಗೆ ದಾಸವಾಳದ ಕೆಂಪು. ಹಸಿ ಮೀನು ಅಂದರೆ ಇದು ಎಂದು ಅರ್ಥ. "ಎಷ್ಟು ಬೇಕು ಅಕ್ಕ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ನಾವು ಲಾಡ್ಜಿನಲ್ಲಿದ್ದೇವೆ ಎಂದಳು. "ಲಾಡ್ಜಿನಲ್ಲಿ ಎಂತ ಮಾಡ್ತೀರಿ, ಹಸಿ ತಿನ್ತೀರಾ?" ಅಂತ ನಕ್ಕು, ಪಕ್ಕದ ಚೀಲದಿಂದ ಒಂದು ಹಿಡಿ ಒಣ ಸಿಗಡಿ ತೆಗೆದು ಮುಂದೆ ಹಿಡಿದರು. ಅದರ ವಾಸನೆಗೆ ನನಗೆ ತಾತನ ನೆನಪಾಯಿತು. ಸಂತೆಯಿಂದ ಕಾಗದದ ಪೊಟ್ಟಣದಲ್ಲಿ ತರುತ್ತಿದ್ದರು, ಕೆಂಡದ ಮೇಲೆ ಹುರಿದು ಮುದ್ದೆಗೆ ನೆಂಚಿಕೊಳ್ಳುತ್ತಿದ್ದರು. ಕಾಲು ಕೆಜಿ ಕಟ್ಟಿಸಿಕೊಂಡೆ. ನಮ್ಮ ಬ್ಯಾಗಿನ ಗತಿ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಒಂದು ಸಣ್ಣ ಊಟದ ಮನೆಯಲ್ಲಿ ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಹುಳಿಯೂ ಖಾರವೂ ಒಟ್ಟಿಗೆ ನೆತ್ತಿಗೇರುವ ಗಸಿ. ಅನ್ನದ ಕಾಳು ದಪ್ಪ, ಬಾಯಲ್ಲಿ ಕರಗುವುದಿಲ್ಲ, ಅಗಿಯಬೇಕು. ಸಂಜೆ ಗೋಳಿಬಜೆ. ಇದರ ಬಗ್ಗೆ ಬರೆಯುತ್ತಾ ಹೋದರೆ ಬೇರೇನೂ ಹೇಳಲಾಗುವುದಿಲ್ಲ, ಬಿಡಿ.

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಹೋದಾಗ ಒಳಗೆ ನಾಲ್ಕೈದೇ ಜನ. ಇಟಲಿಯಿಂದ ಬಂದ ಜೆಸ್ವಿಟ್ ಸಂಘದ ಕ್ರೈಸ್ತ ಸನ್ಯಾಸಿ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಕೂತು ಗೋಡೆ, ಚಾವಣಿ ತುಂಬ ಚಿತ್ರ ಬರೆದರು. ಅದರಲ್ಲಿ ಹೆಚ್ಚಿನದು ಹಸಿ ಗಾರೆಯ ಮೇಲೆ ಬಣ್ಣ ಹಾಕಿ, ಗಾರೆ ಒಣಗುತ್ತ ಬಣ್ಣವನ್ನು ಹಿಡಿದುಕೊಳ್ಳುವ ಕೆಲಸ. ನಮ್ಮ ಟವೆಲ್ ಒಣಗದ ಊರಿನಲ್ಲಿ! ಗೋಡೆಯಲ್ಲಿ ಕೆತ್ತನೆ ಇದೆ ಅಂದುಕೊಂಡು ಹತ್ತಿರ ಹೋದರೆ ಬರೀ ಬಣ್ಣ. ಬೆಂಚಿನ ಮೇಲೆ ಕೂತು, ಕುತ್ತಿಗೆ ನೋಯುವ ತನಕ ಮೇಲೆ ನೋಡಿದೆವು. ಯಾರೂ ಏಳಿಸಲಿಲ್ಲ.

ಕದ್ರಿ ದೇವಸ್ಥಾನದಲ್ಲಿ 968ನೇ ಇಸವಿಯ ಲೋಕೇಶ್ವರನ ಕಂಚಿನ ಮೂರ್ತಿ ನೋಡಿ, ಮೇಲಿನ ಕೆರೆಗಳ ಹತ್ತಿರ ಸುಮ್ನೆ ಸ್ವಲ್ಪ ಹೊತ್ತು ನಿಂತೆವು. ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ದಸರೆಗೆ ತಯಾರಿ ನಡೆದಿತ್ತು. ರಸ್ತೆಯುದ್ದಕ್ಕೂ ಹುಡುಗರು ಏಣಿ ಹತ್ತಿ ದೀಪದ ಸರ ಕಟ್ಟುತ್ತಿದ್ದರು. ಒಳಗೆ ಮಣ್ಣಿನ ಮೂರ್ತಿಗಳಿಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಕೈ ಇದೆ, ಬೆರಳಿದೆ, ಕಣ್ಣಿಲ್ಲ. "ಒಣಗ್ಲಿಕ್ಕೆ ಬಿಸಿಲೇ ಇಲ್ಲ" ಅಂತ ಅಲ್ಲಿದ್ದ ಒಬ್ಬರು ಆಕಾಶ ನೋಡಿದರು. ಇನ್ನು ಹತ್ತೇ ದಿನಕ್ಕೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಈ ಹೊತ್ತಿನಲ್ಲಿ ಬಂದರೆ ಸಿಗದಿರುವುದೂ ಇದೆ. ಕಂಬಳ ಇಲ್ಲ, ಮೇಳದ ಯಕ್ಷಗಾನ ಇಲ್ಲ. ಎರಡಕ್ಕೂ ನವೆಂಬರ್ ಬರಬೇಕು. ನೀರಿಗೆ ಇಳಿಯುವ ಆಸೆ ಇದ್ದರಂತೂ ಬರಲೇಬೇಡಿ. ಸುಲ್ತಾನ್ ಬತ್ತೇರಿಯಲ್ಲಿ ಟಿಪ್ಪು ಕಾಲದ ಕರಿಕಲ್ಲಿನ ಬುರುಜಿನ ಮುಂದೆ ದೋಣಿ ಹತ್ತಿ, ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಗೆ ಹೋದೆವು. ದೋಣಿಯಲ್ಲಿ ನಾವಿಬ್ಬರು, ಎರಡು ಬೈಕು, ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಹೊರಟ ಒಬ್ಬ ಅಜ್ಜಿ. ಆಚೆ ದಡದಲ್ಲಿ ಗಾಳಿಮರಗಳ ಸಾಲು ದಾಟಿದರೆ ಕಡಲು. ಬಣ್ಣ ನೀಲಿ ಅಲ್ಲ, ಹಾಲು ಕಡಿಮೆ ಹಾಕಿದ ಚಹಾ. ಮೊಣಕಾಲು ನೆನೆಯುವಷ್ಟೂ ಹೋಗಿರಲಿಲ್ಲ, ಕಾವಲಿನವರು ಸೀಟಿ ಊದಿದರು. ಹಿಂದೆ ಬಂದು ಮರಳಿನ ಮೇಲೆ ಕೂತೆವು. ಇಡೀ ದಂಡೆಗೆ ಚುರುಮುರಿ ಮಾರುವವರು ಒಬ್ಬರೇ. ಗಿರಾಕಿಗಳೂ ನಾವೇ. ಅವರಿಗೂ ಮಾತಾಡಲು ಬೇಕಾದಷ್ಟು ಹೊತ್ತಿತ್ತು. ಎರಡನೇ ಪೊಟ್ಟಣಕ್ಕೆ ಮಾವಿನಕಾಯಿ ಜಾಸ್ತಿ ಹಾಕಿದರು.

ಅಮಾವಾಸ್ಯೆಯ ಹಿಂದಿನ ದಿನ ಮನೆ ಸೇರಿದೆವು. ಬ್ಯಾಗ್ ತೆಗೆದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಒದ್ದೆ ಟವೆಲ್, ಒಣ ಸಿಗಡಿ, ಎರಡೂ ಸೇರಿ ಬಟ್ಟೆಗೆಲ್ಲ ಹತ್ತಿತ್ತು. "ಇದನ್ನ ಮೊದಲು ಹೊರಗೆ ಹಾಕು" ಎಂದರು. ಟವೆಲ್ ಟೆರೇಸಿಗೆ ಹೋಯಿತು, ಒಂದು ಗಂಟೆಯಲ್ಲಿ ಗರಿಗರಿ ಒಣಗಿತು.

ಮರುದಿನ ಎಡೆ ಇಟ್ಟು, ನಾವೆಲ್ಲ ಕೈ ಮುಗಿದು ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಮತ್ತೆ ಒಳಗೆ ಹೋಗಿ ನೋಡಿದರೆ ಎಲೆಯ ಮೇಲೆ ಮಟನ್ ಸಾರು, ಮುದ್ದೆ, ಕಜ್ಜಾಯ, ತಾತನ ಬೀಡಿ ಕಟ್ಟು. ಮುದ್ದೆಯ ಪಕ್ಕ ಹುರಿದ ಸಿಗಡಿ ಒಂದು ಹಿಡಿ ಇತ್ತು. ಅಮ್ಮ ಯಾವಾಗ ಹುರಿದರೋ, ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.