ಡಿಎನ್‌ಎ ಪರೀಕ್ಷೆ ಮಾಡಿಸಿದರೆ ನಮ್ಮ ಮೂಲ ಊರು ತಿಳಿಯುತ್ತದೆಯೇ?

ನಮ್ಮ ಬಂಧುಬಳಗದ ಯಾವ ಮದುವೆಗೆ ಹೋದರೂ ಊಟದ ಎಲೆಯ ಮುಂದೆ ಯಾರಾದರೊಬ್ಬರು ನನ್ನನ್ನು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನಾನೂ ನಮ್ಮ ಯಜಮಾನರೂ ಪುಟ್ಟ ಕೊಳವೆಯೊಳಗೆ ಉಗುಳಿ ಪರೀಕ್ಷೆಗೆ ಕಳಿಸಿದ ಸುದ್ದಿ ಮೈಸೂರಿನಿಂದ ನಾಗಮಂಗಲದವರೆಗೆ ಹಬ್ಬಿರುವುದೇ ಇದಕ್ಕೆ ಕಾರಣ. ಊರು ತಿಳಿಯುವುದಿಲ್ಲ ಎಂಬುದು ನನ್ನ ಉತ್ತರ. ಅಷ್ಟಕ್ಕೇ ನಿಲ್ಲಿಸಿದರೆ ನಾನು ಏನನ್ನೋ ಮುಚ್ಚಿಡುತ್ತಿದ್ದೇನೆಂದು ಕೇಳಿದವರು ಅನುಮಾನಪಡುವುದರಿಂದ, ವಿವರವಾಗಿ ಬರೆಯುತ್ತಿದ್ದೇನೆ.

ತಂದೆತಾಯಿಯರಿಂದ ನಮಗೆ ಅರ್ಧರ್ಧ ಡಿಎನ್‌ಎ ಬರುತ್ತದೆ; ಒಬ್ಬೊಬ್ಬ ಅಜ್ಜ, ಅಜ್ಜಿಯಿಂದ ಸರಾಸರಿ ಕಾಲು ಭಾಗ; ಹೀಗೆ ಪ್ರತಿ ತಲೆಮಾರಿಗೂ ಅದು ಅರ್ಧಕ್ಕಿಳಿಯುತ್ತ ಹೋಗುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕದ ಪ್ರಕಾರ 1,024 ಪೂರ್ವಜರು ಸಿಗುತ್ತಾರೆ, ಆದರೆ ಅವರಲ್ಲಿ ಅನೇಕರ ಒಂದು ತುಣುಕೂ ನಮ್ಮಲ್ಲಿ ಉಳಿದಿರುವುದಿಲ್ಲ. ಉಳಿದದ್ದನ್ನು ಕಂಪನಿಯವರು ತಮ್ಮ ಸಂಗ್ರಹದ ಮಾದರಿಗಳೊಂದಿಗೆ ಹೋಲಿಸಿ ಶೇಕಡಾ ಲೆಕ್ಕ ಕೊಡುತ್ತಾರೆ; ಸಂಗ್ರಹ ದೊಡ್ಡದಾದ ಹಾಗೆ ಆ ಲೆಕ್ಕವೂ ಬದಲಾಗುತ್ತದೆ. ಊರೂರಿನ ಮಾದರಿಗಳೇ ಇಲ್ಲದ ಸಂಗ್ರಹಕ್ಕೆ ಪಾಂಡವಪುರಕ್ಕೂ ಮಳವಳ್ಳಿಗೂ ಇರುವ ವ್ಯತ್ಯಾಸ ಹೇಗೆ ತಿಳಿದೀತು? ನಮ್ಮಿಬ್ಬರ ವರದಿಯಲ್ಲೂ ಬಂದದ್ದು ದಕ್ಷಿಣ ಭಾರತ ಎಂಬ ಉತ್ತರ. ಅದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿತ್ತೇ ಎಂದು ನಮ್ಮ ಅತ್ತೆಯವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬಹಳ ಹಿಂದಿನ ಕಾಲದ ಮಟ್ಟಿಗೆ ಮಾತ್ರ ಡಿಎನ್‌ಎ ಬಲವಾದ ಸಾಕ್ಷಿ. ಜೀವಕೋಶ ಮತ್ತು ಅಣುಜೀವವಿಜ್ಞಾನದ ಸಂಶೋಧನೆ ನಡೆಸುವ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮೊದಲಾದವರು ಅಮೆರಿಕದ ತಳಿವಿಜ್ಞಾನಿ ಡೇವಿಡ್ ರೈಕ್ ಅವರೊಂದಿಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂದಿನ ಬಹುಪಾಲು ಭಾರತೀಯರಲ್ಲಿ ಎರಡು ಪ್ರಾಚೀನ ಜನಸಮೂಹಗಳ ಅಂಶ ಬೇರೆಬೇರೆ ಪ್ರಮಾಣದಲ್ಲಿ ಬೆರೆತಿದೆ ಎಂದು ತೋರಿಸಿತು. ಆ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆಯಿತೆಂದೂ, ಆಮೇಲೆ ಜನರು ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತರುವ ರೂಢಿಗೆ ಬಂದರೆಂದೂ 2013ರ ಇನ್ನೊಂದು ಅಧ್ಯಯನ ಹೇಳಿತು.

ನಮ್ಮ ವರದಿಯಲ್ಲಿ ಗಲಿಬಿಲಿ ಹುಟ್ಟಿಸಿದ್ದು ಈ ರೂಢಿಯೇ. ನಾನೂ ನಮ್ಮ ಯಜಮಾನರೂ ದೂರದ ಸಂಬಂಧಿಕರು ಎಂದು ಅದರಲ್ಲಿತ್ತು. ಮಗ ಗಾಬರಿಯಾದ, ನಮಗೆ ನಗು ಬಂತು. ಯಾರಾದರೊಬ್ಬ ಸಮಾನ ಪೂರ್ವಜರಿಂದ ಇಬ್ಬರಿಗೆ ಬಂದ ತುಣುಕುಗಳನ್ನು ಎಣಿಸಿ ಕಂಪನಿಯವರು ನಂಟಿನ ದೂರವನ್ನು ಅಂದಾಜು ಮಾಡುತ್ತಾರೆ. ನೂರಾರು ವರ್ಷ ಒಂದೇ ಬಳಗದೊಳಗೆ ಮದುವೆಯಾದವರಲ್ಲಿ ಅಂಥ ಸಣ್ಣ ಸಣ್ಣ ತುಣುಕುಗಳು ಹತ್ತಾರು ದಾರಿಯಿಂದ ಬಂದು ಸೇರಿರುವುದರಿಂದ, ನಿಜವಾದ ನಂಟಿಗಿಂತ ಹತ್ತಿರದ ನಂಟು ಕಾಣಿಸುತ್ತದೆ. ನಮ್ಮ ಮನೆಯ ಸಂಗತಿಯನ್ನೇ ಹೇಳುವುದಾದರೆ, ನನ್ನ ತಂದೆಯ ತಾಯಿ ಮದುವೆಯಾದದ್ದು ತನ್ನ ಸೋದರಮಾವನನ್ನು. ಹೀಗಾಗಿ ಆ ಸೋದರಮಾವನ ತಾಯಿ ಒಂದು ಕಡೆಯಿಂದ ನನಗೆ ಮುತ್ತಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜಿಯ ತಾಯಿ. ಮಗ ಕಂಪ್ಯೂಟರಿನಲ್ಲಿ ಬರೆಯಲು ಕುಳಿತ ವಂಶವೃಕ್ಷದಲ್ಲಿ ಕೊಂಬೆಗಳು ಕವಲೊಡೆಯುವುದನ್ನು ಬಿಟ್ಟು ಒಂದಕ್ಕೊಂದು ಹೆಣೆದುಕೊಂಡವು.

ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕಿದೆ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮು ನಮ್ಮಲ್ಲಿ ಇಲ್ಲದ್ದರಿಂದ, ತಂದೆಯ ನೇರ ಗಂಡುಸಾಲು ತಿಳಿಯಲು ನಾನು ನಮ್ಮಣ್ಣನನ್ನು ಒಪ್ಪಿಸಬೇಕಾಯಿತು. ತಾಯಿಯಿಂದ ಎಲ್ಲ ಮಕ್ಕಳಿಗೂ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ಹೆಣ್ಣುಸಾಲನ್ನು ಸಾವಿರಾರು ವರ್ಷ ಹಿಂದಕ್ಕೆ ಒಯ್ಯುತ್ತದೆ, ಆದರೆ ಆ ಸಾಲಿನ ಒಬ್ಬಳ ಹೆಸರನ್ನೂ ಹೇಳುವುದಿಲ್ಲ.

ಜನರು ನಿಜವಾಗಿ ಕೇಳುತ್ತಿರುವುದು ಕಳೆದ ಇನ್ನೂರು ಮುನ್ನೂರು ವರ್ಷಗಳ ವಿಷಯ. ಅದಕ್ಕೆ ನಾನು ಮೊದಲು ಮನೆದೇವರು ಯಾವುದೆಂದು ಕೇಳುತ್ತೇನೆ. ತಿರುಪತಿಯೋ ಆದಿಚುಂಚನಗಿರಿಯೋ ಆದರೆ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ದೊಡ್ಡ ಕ್ಷೇತ್ರಗಳಿಗೆ ಎಲ್ಲ ಕಡೆಯವರೂ ನಡೆದುಕೊಳ್ಳುತ್ತಾರೆ. ನಂಟರೂ ಇಲ್ಲದ, ಜಮೀನೂ ಇಲ್ಲದ ಯಾವುದೋ ಹಳ್ಳಿಯ ಅಮ್ಮನಿಗೆ ವರ್ಷಕ್ಕೊಮ್ಮೆ ಮಡಿಲಕ್ಕಿ ಕೊಂಡೊಯ್ಯುವ ಮನೆತನವಾದರೆ, ಆ ಹಳ್ಳಿಯನ್ನು ಬಿಟ್ಟು ಬಂದವರಿರಬಹುದೆಂದು ಊಹಿಸಬಹುದು. ನಮ್ಮ ಯಜಮಾನರ ಮನೆಯವರು ಮದ್ದೂರಿನ ಕಡೆಗೆ ಬಂದದ್ದು ನಾಗಮಂಗಲದ ಒಂದು ಹಳ್ಳಿಯಿಂದ ಎಂಬುದು ಹೀಗೆಯೇ ಹೊಳೆಯಿತು. ಅದನ್ನು ಖಚಿತಪಡಿಸಿದವರು ಹೆಳವರು. ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು, ಕೆಲವು ವರ್ಷಗಳಿಗೊಮ್ಮೆ ಬಂದು ಓದಿ ಹೇಳಿ, ದವಸವನ್ನೋ ಹಣವನ್ನೋ ಪಡೆದು ಹೋಗುವ ಅವರ ಪುಸ್ತಕದಲ್ಲಿ ಏಳು ತಲೆಮಾರಿನ ಗಂಡಸರ ಹೆಸರಿತ್ತು. ಹೆಂಗಸರದು ಒಂದೂ ಇರಲಿಲ್ಲ. ಹಳೆಯ ಪಹಣಿ, ಕ್ರಯಪತ್ರಗಳೂ ಉಪಯುಕ್ತ. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ, ಅದಕ್ಕೂ ಹಿಂದಿನದನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು.

ನನ್ನ ತವರಿನ ಮೂಲ ಮಾತ್ರ ಈ ಯಾವುದರಲ್ಲೂ ಸಿಗಲಿಲ್ಲ. ಮೇಲೆ ಹೇಳಿದ, ಎರಡು ಕಡೆಯಿಂದ ಅಜ್ಜಿಯಾದವಳನ್ನು ಮನೆಯಲ್ಲಿ ಎಲ್ಲರೂ ಕನ್ನಂಬಾಡಿ ಅಜ್ಜಿ ಎಂದೇ ಕರೆಯುತ್ತಿದ್ದರು. ಕನ್ನಂಬಾಡಿ ಕಟ್ಟೆಯ ಹತ್ತಿರದಿಂದ ಬಂದವಳಿರಬೇಕೆಂದು ನಾವು ಸುಮ್ಮನಿದ್ದೆವು. ಸೋದರತ್ತೆಯನ್ನು ಕೂರಿಸಿಕೊಂಡು ಕೇಳಿದಾಗ ತಿಳಿದದ್ದೆಂದರೆ, ಅಜ್ಜಿ ಮದುವೆಯಾಗಿ ಬಂದಾಗ ಕಟ್ಟೆಯೇ ಇರಲಿಲ್ಲ. ಅದರ ಕೆಲಸ ಶುರುವಾದದ್ದು 1911ರಲ್ಲಿ. ಅವಳ ತವರು ಹಿನ್ನೀರಿನಲ್ಲಿ ಮುಳುಗಿಹೋದ ಕನ್ನಂಬಾಡಿ ಗ್ರಾಮವೇ. ಅಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಈಗ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಕಳೆದ ವರ್ಷ ಸೋದರತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅರ್ಚಕರು ಯಾರ ಹೆಸರಿನಲ್ಲಿ ಅರ್ಚನೆ ಎಂದು ಕೇಳಿದಾಗ, ಅಜ್ಜಿಯ ಹೆಸರು ಸೋದರತ್ತೆಗೂ ನೆನಪಿಗೆ ಬರಲಿಲ್ಲ.